ಗೆರೆಯ ಆಚೆಯ ಮನೆ

ನಕ್ಷೆಯ ಕೆಂಪು ಗೆರೆ ಸರಿಯಾಗಿ ಎಂಜಿನಿಯರನ ಅಕ್ಕನ ಮನೆಯನ್ನೇ ಸೀಳಿಕೊಂಡು ಹೋಗಿತ್ತು. ಅವನು ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ನೋಡಿದ. ಲೆಕ್ಕದ ಪ್ರಕಾರ, ನದಿ ಉಕ್ಕಿದರೆ ನೀರು ಹಿತ್ತಿಲು ದಾಟಿ ಅಡುಗೆಮನೆಗೆ ನುಗ್ಗಿ, ನಡುಮನೆಯ ಹೊಸ್ತಿಲಲ್ಲಿ ಮರ್ಯಾದಸ್ಥ ನೆಂಟನ ಹಾಗೆ ನಿಂತುಬಿಡುತ್ತಿತ್ತು. ನೀರಿಗೆ ಅಷ್ಟೊಂದು ಮರ್ಯಾದೆ ಎಲ್ಲಿಂದ ಬರಬೇಕು?

ದೇಶದ ನದಿಗಳಿಗೆಲ್ಲ ಪ್ರವಾಹದ ನಕ್ಷೆ ಮಾಡುವ ಆ ಕಚೇರಿಯಲ್ಲಿ ಒಂದು ಪದ್ಧತಿ. ಗೆರೆ ಯಾರ ಮನೆಯನ್ನೂ ಎರಡು ಹೋಳು ಮಾಡಬಾರದು. ಅಡ್ಡ ಬಂದ ಮನೆಯನ್ನು ಪೂರ್ತಿ ಮುಳುಗಡೆ ಪ್ರದೇಶದ ಒಳಗೆ ಹಾಕಬೇಕು, ಇಲ್ಲವೇ ಪೂರ್ತಿ ಹೊರಗೆ ಬಿಡಬೇಕು. ಒಳಗೆ ಬಿದ್ದವರು ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಅಕ್ಕನಿಗೋ ಹಿತ್ತಿಲಲ್ಲಿ ಅಮ್ಮನಿಗೊಂದು ಕೋಣೆ ಕಟ್ಟಿಸುವ ಆಸೆ. ನಡುಮನೆಯಲ್ಲಿ ಮಕ್ಕಳ ಕಾಲಿಗೆ ಸಿಕ್ಕಿಕೊಂಡು ಮಲಗುವ ಅಮ್ಮನಿಗೆ ತನ್ನದೇ ಒಂದು ಬಾಗಿಲು ಬೇಡವೇ ಎಂದು ದಿನಾ ಫೋನು ಮಾಡಿ ತಮ್ಮನ ಪ್ರಾಣ ಹಿಂಡುತ್ತಿದ್ದಳು.

ಅವನು ಮೇಲಧಿಕಾರಿಯ ಮುಂದೆ ಹೋಗಿ ನಿಂತ. ಅಕ್ಕನ ಮನೆಯೂ ಆ ಬೀದಿಯಲ್ಲಿದೆ ಎಂಬುದನ್ನು ಮುಚ್ಚಿಡದೆ, ಇಡೀ ಸಾಲನ್ನು ಒಳಗೆ ಹಾಕೋಣ ಎಂದ. ಮೇಲಧಿಕಾರಿ ಹಣೆ ಒತ್ತಿಕೊಂಡರು. ಒಳಗೆ ಹಾಕಿದರೆ ಬೀದಿಗೆ ಬೀದಿಯೇ ತಕರಾರು ತೆಗೆಯುತ್ತದೆ, ಸೋಮವಾರ ಮಂತ್ರಿಗಳಿಗೆ ಒಪ್ಪಿಸಬೇಕಾದ ನಕ್ಷೆ ಮತ್ತೆ ನೆನೆಗುದಿಗೆ ಬೀಳುತ್ತದೆ ಎಂದು ಗೊಣಗಿದರು.

"ಅಡುಗೆಮನೆ ತಾನೇ, ಒರೆಸ್ಕೋತಾರೆ. ಹೊರಗೆ ಬಿಡಿ."

ವಾದ ಮಾಡಬಹುದಿತ್ತು. ಆದರೆ ಈ ನಕ್ಷೆಗಾಗಿ ವಾದ ಮಾಡಿ ಮಾಡಿ ಅವನ ಬಾಯಿ ಬಿದ್ದುಹೋಗಿತ್ತು. ವಾಪಸು ಬಂದು ಕೂತು ಗೆರೆಯನ್ನು ನದಿಯ ಕಡೆಗೆ ಸರಿಸಿದ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ನಿದ್ದೆ ಬಂತು.

ಸಂಜೆ ಅಕ್ಕನ ಫೋನು. ಮನೆ ಗೆರೆಯಿಂದ ಹೊರಗೆ ಬಿದ್ದಿತೆಂದು ಕೇಳಿ ಅವಳ ಸಂತೋಷಕ್ಕೆ ಪಾರವೇ ಇಲ್ಲ. ನಾಳೆಯೇ ಮೇಸ್ತ್ರಿಗೆ ಹೇಳಿಕಳಿಸುತ್ತೇನೆ, ಕಿಟಕಿ ನದಿಯ ಕಡೆಗೇ ಇಡಿಸುತ್ತೇನೆ, ಅಮ್ಮನಿಗೆ ಒಳ್ಳೆ ಗಾಳಿ ಬರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು.

"ಕೋಣೆ ಬೇಡ ಅಕ್ಕ," ಎಂದ ಅವನು. "ಅಮ್ಮನ್ನ ನಮ್ಮನೆಗೆ ಕಳಿಸಿಬಿಡು."

"ನಿನ್ನ ಗೂಡಿನಲ್ಲಿ ಜಾಗ ಎಲ್ಲಿದೆಯೋ? ನಮ್ಮನೆ ಹೊರಗಿದೆ ಅಂತ ಈಗ ತಾನೇ ನೀನೇ ಅಂದೆಯಲ್ಲ?"

"ಜಾಗ ಹೇಗೋ ಮಾಡ್ತೀನಿ. ಮಳೆಗಾಲಕ್ಕೆ ಮುಂಚೆ ಕಳಿಸು," ಎಂದ ಅವನು. ಅಕ್ಕ ದಡ್ಡಿಯಲ್ಲ.

"ಹಾಗಾದ್ರೆ," ಎಂದಳು ದನಿ ತಗ್ಗಿಸಿ, "ನನ್ನ ಮಕ್ಕಳನ್ನ ಎಲ್ಲಿಗೆ ಕಳಿಸ್ಲಿ?"