ಸೀಟಿನ ಅಳತೆ

“ದಾವಣಗೆರೆಯಿಂದ ಇಲ್ಲೀತನಕ ಒಂದು ಸಲನಾದ್ರೂ ನಿಂತೈತೇನು?” ಹರಿಹರದಲ್ಲಿ ಮುನಾಫನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ವಾಮದೇವಪ್ಪ ಪಕ್ಕದಲ್ಲಿ ಕೂತಿದ್ದ ಸೊಸೆಯತ್ತ ತಿರುಗಿದರು. “ನಾನು ಓಡಿಸಿದ್ರೆ ಬೆಣ್ಣೆ ಹಂಗೆ ಹೋಗ್ತೈತೆ. ನೀನು ಓಡಿಸಿದ್ರೆ ಮಾತ್ರ ಇದಕ್ಕೆ ಏನು ಬಡೀತೈತೋ!”

ನಯನಾ ಬಾಗಿಲು ತೆರೆದು ಇಳಿದಳು. ಹೇಳಿ ಹೇಳಿ ಸಾಕಾಗಿತ್ತು. ನಾಲ್ಕು ತಿಂಗಳಿಂದ ಇದೇ ರಗಳೆ. ಅವಳು ಓಡಿಸುವಾಗ ಒಂದು ಗುಂಡಿ ಸಿಗಲಿ, ಒಂದು ಹಂಪ್ ಸಿಗಲಿ, ಎಂಜಿನ್ ಪಟ್ಟನೆ ಆರಿಬಿಡುತ್ತಿತ್ತು. ಹಾರ್ನ್ ಹೊಡೆಯುತ್ತಿತ್ತು, ದೀಪ ಹತ್ತುತ್ತಿತ್ತು, ಎಂಜಿನ್ ಮಾತ್ರ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಗಂಡ ಪ್ರಶಾಂತ ಬೈಕಿನಲ್ಲಿ ಓಡಿ ಬಂದು, ಕಾಲು ಚಾಚಿ ಕೂತು ಕೀಲಿ ತಿರುವಿದರೆ ಒಂದೇ ಏಟಿಗೆ ಸ್ಟಾರ್ಟ್! ಸಿಟ್ಟು ಬರದೆ ಇನ್ನೇನು ಬರುತ್ತದೆ? ದಾವಣಗೆರೆಯ ಮೂವರು ಮೆಕ್ಯಾನಿಕ್‌ಗಳೂ ನೋಡಿದ್ದಾಯಿತು. ಒಬ್ಬ ಬ್ಯಾಟರಿ ಬದಲಿಸಿದ. ಇನ್ನೊಬ್ಬ ಫ್ಯೂಸುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಮೂರನೆಯವನು ಶಾಮನೂರಿನ ತನಕ ಒಂದು ರೌಂಡ್ ಹೊಡೆದು ಬಂದು, “ಗಾಡಿ ಫಸ್ಟ್ ಕ್ಲಾಸ್ ಐತ್ರಿ. ಮೇಡಂ ಕ್ಲಚ್ ಸರಿಯಾಗಿ ಬಿಡ್ತಿಲ್ಲ,” ಅಂದುಬಿಟ್ಟ. ಅವನ ಬಾಯಿಗಷ್ಟು ಮಣ್ಣು ಹಾಕ! ಅಂದಿನಿಂದ ಮನೆಯಲ್ಲಿ ಅದೇ ಮಾತು ಗಟ್ಟಿಯಾಯಿತು.

ಈಗ ಮಾವ ಕಾರು ಮಾರಲು ಹೊರಟಿದ್ದರು. ಕೊಳ್ಳುವ ಹುಲಿಯಪ್ಪ ಆಗಲೇ ಗ್ಯಾರೇಜಿನಲ್ಲಿ ಕಾದಿದ್ದ. ಮುನಾಫ್ ನೋಡಿ ಹೂಂ ಅಂದರೆ ಇವತ್ತೇ ಕೀಲಿ ಅವನ ಕೈಗೆ. ನಯನಾಳದು ಹರಿಹರದಲ್ಲಿ ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಯ ಮಷೀನನ್ನು ಈ ಕಾರಿನಲ್ಲಿ ಹಾಕಿಕೊಂಡು ಸುತ್ತಲ ಹಳ್ಳಿಗಳಿಗೆ ಹೋಗುತ್ತಿದ್ದಳು. ಕಾರು ಹೋದರೆ ಹಳ್ಳಿಗಳೂ ಹೋದವು. ಆ ಮಷೀನು ಹೊತ್ತುಕೊಂಡು ಬಸ್ಸು ಹತ್ತಲು ಆಗುತ್ತದೆಯೇ?

ಮುನಾಫ್ ಎಲ್ಲವನ್ನೂ ಕೇಳಿಸಿಕೊಂಡು, ಬಾನೆಟ್ ಕಡೆ ನೋಡದೆ ಒಂದೇ ಪ್ರಶ್ನೆ ಕೇಳಿದ. “ಯಾರು ಓಡಿಸಿದಾಗ ನಿಲ್ತೈತ್ರಿ?”

“ಇವಳು ಓಡಿಸಿದಾಗ್ಲೇ. ದೋಷ ಮುಚ್ಚಿಟ್ಟು ಮಾರೋ ಮನುಷ್ಯ ಅಲ್ಲಪ್ಪ ನಾನು.”

“ಹಂಗಾರೆ ಅಮ್ಮಾರೇ ಓಡಿಸ್ಬೇಕಲ್ರಿ. ನಾನು ಓಡಿಸಿದ್ರೆ ನನಗೇನು ಗೊತ್ತಾಗ್ತೈತೆ?”

ನಾಲ್ಕು ತಿಂಗಳಲ್ಲಿ ಈ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ನಯನಾಗೆ ಅಳುವೇ ಬಂತು. ನುಂಗಿಕೊಂಡು ಸ್ಟೀರಿಂಗ್ ಹಿಂದೆ ಕೂತಳು. ಕಾಲು ಎಟುಕಲಿಲ್ಲ, ಎಂದಿನಂತೆ ಸೀಟನ್ನು ಕರಕರನೆ ಮುಂದಕ್ಕೆ ಎಳೆದುಕೊಂಡಳು. ಮುನಾಫ್ ಪಕ್ಕದಲ್ಲಿ, ಮಾವ ಹಿಂದೆ. ಹೊಳೆಯ ಸೇತುವೆಗೆ ಮುಂಚೆ ಸಿಗುವ ಹಂಪ್ ಇಳಿದದ್ದೇ ತಡ, ಎಂಜಿನ್ ಆರಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿ ಹಿಡಿದ.

“ನೋಡಿದ್ಯೇನಪ್ಪಾ? ನಾ ಹೇಳ್ಲಿಲ್ವಾ?” ವಾಮದೇವಪ್ಪನವರ ದನಿಯಲ್ಲಿ ಗೆದ್ದ ಖುಷಿ ಇತ್ತು.

“ಒಂಚೂರು ಸುಮ್ಕಿರ್ರಿ ಸಾವ್ಕಾರ್ರೆ.” ಕಾರನ್ನು ಬದಿಗೆ ತಳ್ಳಿದ ಮೇಲೆ ಮುನಾಫ್ ಕೇಳಿದ, “ಅಮ್ಮಾ, ಹೊರಡೋಕೆ ಮುಂಚೆ ಸೀಟು ಮುಂದಕ್ಕೆ ಎಳ್ಕೊಂಡ್ರಲ್ಲ, ಯಾವಾಗ್ಲೂ ಹಂಗೇನಾ? ನ್ಯೂಟ್ರಲ್‌ಗೆ ಹಾಕಿ, ಸೀಟು ಹಿಂದಕ್ಕೆ ತಳ್ರಿ. ಈಗ ಕೀಲಿ ತಿರುವ್ರಿ.”

ಎಂಜಿನ್ ಗುರ್ ಅಂತು. “ಮುಂದಕ್ಕೆ ಎಳೀರಿ,” ಅಂದ. ಆರಿಹೋಯಿತು. ಮತ್ತೆ ಹಿಂದಕ್ಕೆ ತಳ್ಳಿಸಿದ, ಹತ್ತಿತು. ಮತ್ತೆ ಮುಂದಕ್ಕೆ, ಆರಿತು. ಕ್ಲಚ್ ಮೇಲೆ ಅವಳ ಕಾಲೇ ಇರಲಿಲ್ಲ.

ಮುನಾಫ್ ಮೊಣಕಾಲೂರಿ ಸೀಟಿನ ಕೆಳಗೆ ಮೊಬೈಲಿನ ಬೆಳಕು ಬಿಟ್ಟ. ಅಲ್ಲಿ ಒಂದು ತಾಮ್ರದ ತಗಡು ನೇತಾಡುತ್ತಿತ್ತು. ಕಟ್ಟಿದವರು ಕೆಂಪು ನೈಲಾನ್ ದಾರವನ್ನು ಸೀಟಿನ ಕಬ್ಬಿಣಕ್ಕೂ ಪೆಟ್ರೋಲ್ ಪಂಪಿಗೆ ಹೋಗುವ ವೈರಿಗೂ ಸೇರಿಸಿ ಬಿಗಿದಿದ್ದರು. ಸೀಟು ಮುಂದೆ ಬಂದಾಗಲೆಲ್ಲ ದಾರ ವೈರನ್ನು ಜಗ್ಗುತ್ತಿತ್ತು, ಮೇಲೆ ಒಂದು ಕುಲುಕು ಬಿದ್ದರೆ ಸಾಕು, ಅದರ ಜಾಯಿಂಟು ಸಡಿಲವಾಗಿ, ಸೀಟು ಮುಂದಿರುವಷ್ಟು ಹೊತ್ತೂ ಪಂಪಿಗೆ ಕರೆಂಟು ತಪ್ಪುತ್ತಿತ್ತು. ಉದ್ದ ಕಾಲಿನ ಗಂಡಸರು ಕೂತರೆ ಎಲ್ಲಾ ಸರಿ.

“ಇದನ್ನ ಯಾರು ಕಟ್ಟಿದ್ರಿ?”

ವಾಮದೇವಪ್ಪ ಗಂಟಲು ಸರಿಮಾಡಿಕೊಂಡರು. “ನಾನೇ. ಮಂತ್ರಿಸಿದ ತಗಡು. ಇವಳು ಒಬ್ಬಳೇ ಹಳ್ಳಿ ತಿರುಗೋಕೆ ಶುರು ಮಾಡಿದ್ಲಲ್ಲ, ದಾರ್ಯಾಗ ಏನೂ ಆಗದಿರ್ಲಿ ಅಂತ... ನಾಲ್ಕು ತಿಂಗಳಾತು.”

“ಒಂದು ಮಾತು ಹೇಳಬಾರ್ದಿತ್ತಾ ಮಾವ?” ನಯನಾ ಅವರತ್ತ ತಿರುಗಿದಳು. “ಸೊಸೆಗೆ ಓಡಿಸೋಕೆ ಬರಲ್ಲ ಅಂತ ಊರಿಗೆಲ್ಲ ಹೇಳಿದ್ರಿ. ಇದೊಂದು ಮಾತು ನನಗೆ ಹೇಳೋಕೆ ಆಗ್ಲಿಲ್ವಾ?”

ಮುನಾಫ್ ದಾರ ಕತ್ತರಿಸಿ ಕೊಟ್ಟ ತಗಡನ್ನು ವಾಮದೇವಪ್ಪ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಜಾಯಿಂಟು ಭದ್ರವಾಯಿತು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಸಿಕ್ಕ ಹಂಪ್‌ಗಳನ್ನೆಲ್ಲ ಬೇಕಂತಲೇ ಜೋರಾಗಿ ಹಾರಿಸಿಕೊಂಡು ನಯನಾ ಕಾರನ್ನು ಗ್ಯಾರೇಜಿಗೆ ತಂದಳು. ಹಿಂದೆ ಕೂತಿದ್ದ ಮಾವ ಎರಡು ಸಲ ತಲೆ ತಾಗಿಸಿಕೊಂಡು, ಮೂರನೆಯದಕ್ಕೆ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

ವಿಷಯ ಕೇಳಿ ಹುಲಿಯಪ್ಪ ಹಿಗ್ಗಿಹೋದ. “ಬರೀ ದಾರನಾ! ಹಂಗಾರೆ ಗಾಡಿ ನಂದೇ ಆತು ಬಿಡ್ರಿ.” ಆರಡಿ ಆಳು. ನಯನಾ ಇಳಿಯುವುದನ್ನೇ ಕಾಯುತ್ತಿದ್ದವನು ಬಾಗಿಲಲ್ಲಿ ತೂರಿ ಕೂತ. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಬಗ್ಗಿ, ಸೀಟು ಸರಿಸುವ ಸರಳಿಗೆ ಕೈ ಹಾಕಿದ.

“ಅದನ್ನ ಮುಟ್ಟಬ್ಯಾಡ್ರಿ,” ಅಂದರು ವಾಮದೇವಪ್ಪ. “ಅದು ನಮ್ಮ ನಯನಾನ ಅಳತಿ.”