ಒಂದು ಮನೆಯನ್ನೂ ಬಿಡಲಿಲ್ಲ

ಇದು ಹೊಟ್ಟೆಕಿಚ್ಚೇ ಇರಬೇಕು ಎಂದು ಶೀಲಾಳಿಗೆ ಒಳಗೊಳಗೇ ನಾಚಿಕೆಯಾಯಿತು. ನ್ಯೂಜೆರ್ಸಿಯ ಆ ಸಣ್ಣ ಊರಿನ ಕನ್ನಡ ಸಂಘದ ಬೆಳ್ಳಿಹಬ್ಬದಲ್ಲಿ ಸಂಘ ಕಟ್ಟಿದ, ಗೆಳತಿ ಮೇಧಾಳ ತಾಯಿ ವಾರಿಜಾ ಆಂಟಿಗೆ ಶಾಲು, ಹಾರ, ಚಪ್ಪಾಳೆ. ಮಂಗಳೂರಿನಲ್ಲಿ ಕನ್ನಡ ಟೀಚರ್ ಆಗಿದ್ದ ಶೀಲಾಳ ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು.

"ಆಗೆಲ್ಲ ನಮ್ಮೋರು ಎಲ್ಲಿದಾರೋ ಯಾರಿಗೆ ಗೊತ್ತು? ಟೆಲಿಫೋನ್ ಡೈರೆಕ್ಟರಿ ಹಿಡ್ಕೊಂಡು ರಾವ್, ಗೌಡ, ಮೂರ್ತಿ ಅಂತ ಹುಡುಕಿ ಹುಡುಕಿ ಫೋನ್ ಮಾಡ್ದೆ. ಕನ್ನಡದವರ ಒಂದು ಮನೇನೂ ಬಿಡಲಿಲ್ಲ," ಎಂದರು ಆಂಟಿ.

"ನೋಡೇ, ನಮ್ಮಮ್ಮ ಇಲ್ದಿದ್ರೆ ಎಲ್ಲರೂ ಒಂಟಿ ಪಿಶಾಚಿಗಳೇ!" ಮೇಧಾ ಪಕ್ಕದಲ್ಲಿ ಬೀಗಿದಳು. "ಅಂದಹಾಗೆ, ನೀವು ಈ ಊರಿಗೆ ಬಂದದ್ದು ಯಾವಾಗೇ?"

ಶೀಲಾ ಹಿಂದಿನ ಸಾಲಿನಲ್ಲಿದ್ದ ಅಮ್ಮನತ್ತ ತಿರುಗಿ ನೋಡಿದಳು.

"ನಿಮಗಿಂತ ಮೊದಲೇ ಕಣೇ, ನಿಮ್ಮ ಪಕ್ಕದ ಬೀದಿಗೇ. ಡೈರೆಕ್ಟರಿಯಲ್ಲಿ ನಮ್ಮ ಹೆಸರು ಪಿಂಟೊ ಅಂತಿತ್ತು."