ಹೆಸರಿಲ್ಲದ ಲಿಂಡನ್

ಸಸ್ಯವಿಜ್ಞಾನಿ ಬೊಹುಮಿರ್ ಎಲೆಯನ್ನು ಮಗುಚಿ ಭೂತಗನ್ನಡಿ ಹಿಡಿದ. ನರಗಳ ನಡುವೆ ನಕ್ಷತ್ರದಂತೆ ಕವಲೊಡೆದ ಕಂದು ರೋಮ. ದೂರದ ಪೂರ್ವದ ಬೆಟ್ಟಗಳಲ್ಲಿ ಬೆಳೆಯುವ ಈ ಅಪರೂಪದ ಲಿಂಡನ್ ಮರದ ಬೀಜವನ್ನು ಅವನು ತನ್ನ ಸಸ್ಯೋದ್ಯಾನದಲ್ಲಿ ಮೂರು ಸಲ ಬಿತ್ತಿದ್ದ. ಒಂದೂ ಮೊಳೆತಿರಲಿಲ್ಲ. ಇಲ್ಲಿ, ನಿವೃತ್ತ ಅಂಚೆಯವನೊಬ್ಬನ ಹುಲ್ಲುಗಾವಲಿನಲ್ಲಿ ಅದು ಎರಡಾಳೆತ್ತರ ನಿಂತಿತ್ತು.

"ಯಾವುದು ಡಾಕ್ಟ್ರೇ ಇದು?" ಅಂಚೆಯವ ಆಲೋಯ್ಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೀಜದ ಪೊಟ್ಟಣ ನೆನೆದು ಹೆಸರು ಅಳಿಸಿಹೋಗಿತ್ತು. ಹದಿನಾಲ್ಕು ವರ್ಷದಿಂದ ಹೆಸರಿಲ್ದೆ ನಿಂತಿದೆ, ಪಾಪ."

ಮೊರಾವಿಯಾ ಪ್ರಾಂತ್ಯದ ಆ ಪಟ್ಟಣದ ಸಸ್ಯೋದ್ಯಾನದಲ್ಲಿ ಇಪ್ಪತ್ತಾರು ವರ್ಷ ಜೀವ ತೇದು ಬೊಹುಮಿರ್ ಕೂಡಿಸಿದ್ದು ಮೂವತ್ತೆಂಟು ಬಗೆಯ ಲಿಂಡನ್. ಸೈಕಲ್ಲಿನ ಮೇಲೆ ಊರಿನ ಕಾಗದ ಹಂಚುತ್ತಿದ್ದ ಈ ಮನುಷ್ಯ ದೇಶದೇಶದ ತೋಟಗಳಿಗೆ ತಾನೇ ಕಾಗದ ಬರೆದು, ಬೀಜ ತರಿಸಿ, ಐವತ್ತು ದಾಟಿಸಿದ್ದ. ಕಲಿಯುವ ಹುಡುಗರ ಬಸ್ಸು ಈಗ ಸಸ್ಯೋದ್ಯಾನದ ಗೇಟಿನ ಮುಂದೆಯೇ ಹಾದು ಇಲ್ಲಿಗೆ ಬರುತ್ತಿತ್ತು. ಹೋದ ವಾರ ಬೊಹುಮಿರ್‌ನ ಸ್ವಂತ ಶಿಷ್ಯೆಯೇ, "ಸಾರ್, ಇದನ್ನ ಆಲೋಯ್ಸ್ ತಾತನ ಹತ್ರ ಒಂದ್ಸಲ ಕೇಳ್ಲಾ?" ಎಂದಿದ್ದಳು. ಆ ಮಾತು ಮೀನಿನ ಮುಳ್ಳಿನಂತೆ ಇನ್ನೂ ಗಂಟಲಲ್ಲಿತ್ತು.

"ಬೆರಕೆ," ಎಂದ ಬೊಹುಮಿರ್. "ಪ್ರಾಗ್‌ನ ಬೀದಿ ತುಂಬಾ ಇದೇ ಇದೆ."

"ಹೌದಾ? ನಂಗ್ಯಾಕೋ ಬೇರೆ ಅನ್ನಿಸಿತ್ತು. ಉಳಿದವು ಹೂ ಮುಗಿಸಿದ ಮೇಲೆ ಇದು ಬಿಡುತ್ತೆ."

"ನೆರಳು ಜಾಸ್ತಿಯಾದ್ರೆ ಹಾಗಾಗುತ್ತೆ, ಆಲೋಯ್ಸ್."

"ನೀವೇ ಹೇಳಿದ ಮೇಲೆ ಮುಗೀತು ಬಿಡಿ." ಆಲೋಯ್ಸ್ ಟೋಪಿ ಹಾಕಿಕೊಂಡ. "ಬನ್ನಿ, ನಮ್ಮಾಕೆ ಗಸಗಸೆ ಬನ್ನು ಮಾಡಿದಾಳೆ. ಬಿಸಿ ಇರುವಾಗ್ಲೇ ತಿನ್ಬೇಕು."

ಬೊಹುಮಿರ್ ಎರಡು ಬನ್ನು ತಿಂದ. ಮನೆ ತಲುಪುವವರೆಗೂ ಮೈ ಹಗುರವಾಗಿತ್ತು. ಬೆಳಿಗ್ಗೆ ಎದ್ದಾಗ ಆ ಹಗುರ ಇರಲಿಲ್ಲ. ಆ ಶರತ್ಕಾಲದಲ್ಲಿ ಎರಡು ಸಲ ನಿಜ ಹೇಳಲೆಂದು ಫೋನ್ ಎತ್ತಿಕೊಂಡ. ಎರಡು ಸಲವೂ ಹುಡುಗರ ಬಸ್ಸು ನೆನಪಾಗಿ ಕೆಳಗಿಟ್ಟ.

ಮಾರ್ಚ್ ತಿಂಗಳಲ್ಲಿ ಆಲೋಯ್ಸನೇ ಫೋನ್ ಮಾಡಿದ. "ಆ ಬೀದಿ ಮರ ಕಡಿದುಬಿಟ್ಟೆ, ಡಾಕ್ಟ್ರೇ. ಜಾಗ ಸಾಲ್ತಿರಲಿಲ್ಲ. ಪಕ್ಕದಲ್ಲಿರೋ ಒಳ್ಳೇ ಗಿಡಕ್ಕೆ ಬಿಸಿಲೇ ಬೀಳ್ತಿರಲಿಲ್ಲ ನೋಡಿ." ಬೊಹುಮಿರ್ "ಸರಿ" ಎಂದ. ಫೋನಿಟ್ಟ ಮೇಲೆ ಬಹಳ ಹೊತ್ತು ಮೆಟ್ಟಿಲ ಮೇಲೆ ಕುಳಿತಿದ್ದ.

ಮೇ ತಿಂಗಳಲ್ಲಿ ತಡೆಯಲಾರದೆ ಹೋದ. ಕಡಿದ ಬುಡದ ಸುತ್ತ ಮೊಣಕಾಲೆತ್ತರಕ್ಕೆ ಕೆಂಪು ಚಿಗುರು ಎದ್ದಿತ್ತು. ಅವನು ಮಂಡಿಯೂರಿ ಒಂದು ಎಲೆ ಮಗುಚಿದ. ಭೂತಗನ್ನಡಿ ತೆಗೆದು ಪ್ರಯೋಜನವಿರಲಿಲ್ಲ, ಕಣ್ಣೇ ಮಂಜಾಗಿತ್ತು.

"ಹಠಮಾರಿ ಇದು," ಎಂದ ಆಲೋಯ್ಸ್, ಕತ್ತರಿ ಹಿಡಿದು ಬಂದು. "ಇದನ್ನೂ ಸವರಿಬಿಡ್ಲಾ?"

ಹೆಸರು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಬೇಲಿಯಾಚೆ ಬಸ್ಸು ನಿಂತು, ಇಳಿದ ಹುಡುಗಿಯೊಬ್ಬಳು "ತಾತಾ" ಎಂದು ಕೈಬೀಸಿದಳು. ಬೊಹುಮಿರ್ ಎಲೆಯನ್ನು ಬಿಟ್ಟು ಎದ್ದ.

"ಬೇಡ," ಎಂದ. "ಬೀದಿ ಮರವಾದ್ರೂ... ಇರ್ಲಿ ಬಿಡಿ."

ಆಲೋಯ್ಸ್ ಕತ್ತರಿ ಮಡಚಿ ಜೇಬಿಗಿಳಿಸಿದ. ಆಮೇಲೆ ಹತ್ತಿರ ಬಂದ ಹುಡುಗರಿಗೆ ಹೇಳಿದ: "ಏನೇ ಇದ್ರೂ ಇವರನ್ನ ಕೇಳಿ, ಮಕ್ಳೇ. ಇವರು ಹೇಳಿದ್ದನ್ನೇ ನಾನು ಬರ್ಕೊಳ್ಳೋದು."